ಓದು ಎಂದರೇನು: ಪುಸ್ತಕದ ವಿವಿಧ ರೂಪಗಳು ಮತ್ತು ಓದಿನ ಪರಿಗಣನೆ

ಸಾರ್ವಜನಿಕ ಮಾಹಿತಿ: ಗ್ರಾಮೀಣ ಧಾರವಾಡ ಜಿಲ್ಲೆಯ ಓದುಗರು, ಪಾಲಕರು, ಶಿಕ್ಷಕರು ಹಾಗೂ ಗ್ರಂಥಾಲಯ ಮೇಲ್ವಿಚಾರಕರಿಗಾಗಿ

1. ಪೀಠಿಕೆ

ಪುಸ್ತಕವು ಇಂದು ಮುದ್ರಿತ ಪ್ರತಿಯಾಗಿ ಮಾತ್ರವಲ್ಲದೆ ಬ್ರೈಲ್ ಪ್ರತಿ, ದೊಡ್ಡಕ್ಷರದ ಪ್ರತಿ, ಧ್ವನಿಪುಸ್ತಕ, ಚಿತ್ರಪುಸ್ತಕ ಹಾಗೂ ವಿದ್ಯುನ್ಮಾನ ಪುಸ್ತಕದ ರೂಪಗಳಲ್ಲಿಯೂ ದೊರೆಯುತ್ತದೆ. ಇದರಿಂದಾಗಿ "ಪುಸ್ತಕವನ್ನು ಕೇಳಿದರೆ ಓದಿದಂತಾಗುತ್ತದೆಯೇ?", "ಮೊಬೈಲಿನಲ್ಲಿ ಓದಿದ್ದು ಓದೇ?" ಎಂಬ ಪ್ರಶ್ನೆಗಳು ಮನೆ, ಶಾಲೆ ಹಾಗೂ ಗ್ರಂಥಾಲಯಗಳಲ್ಲಿ ಮೇಲಿಂದ ಮೇಲೆ ಏಳುತ್ತಿವೆ.

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಒಂದು ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ನಾಲ್ಕು ಬಗೆಯ ಓದುಗರನ್ನು ಕಲ್ಪಿಸಿಕೊಳ್ಳಬಹುದು.

(ಅ) ಕಾಗುಣಿತವನ್ನು ಈಗಷ್ಟೇ ಕಲಿಯುತ್ತಿರುವ ಎರಡನೆಯ ತರಗತಿಯ ಬಾಲಕಿ.
(ಆ) ದೃಷ್ಟಿ ಇಲ್ಲದ, ಪ್ರೌಢಶಾಲೆಯಲ್ಲಿ ಓದುತ್ತಿರುವ ವಿದ್ಯಾರ್ಥಿ.
(ಇ) ಅಕ್ಷರ ಕಲಿಯದ, ಆದರೆ ಪ್ರತಿ ಶ್ರಾವಣದಲ್ಲಿ ಪುರಾಣ ಕೇಳುತ್ತ ಬಂದಿರುವ ಹಿರಿಯ ಮಹಿಳೆ.
(ಈ) ಸ್ಪರ್ಧಾತ್ಮಕ ಪರೀಕ್ಷೆಗಾಗಿ ಮೊಬೈಲಿನಲ್ಲಿ ಪುಸ್ತಕ ಓದುವ ಯುವಕ.

"ಪುಟ ತಿರುಗಿಸಿ ಕಣ್ಣಿನಿಂದ ಓದಿದರೆ ಮಾತ್ರ ಓದು" ಎಂದು ಹೇಳಿದಲ್ಲಿ ಈ ನಾಲ್ವರಲ್ಲಿ ಮೂವರು ಓದುಗರ ಪಟ್ಟಿಯಿಂದ ಹೊರಗುಳಿಯುತ್ತಾರೆ. "ಎಲ್ಲವೂ ಓದೇ" ಎಂದು ಹೇಳಿದಲ್ಲಿ ಅಕ್ಷರ ಕಲಿಯಲೇಬೇಕಾದ ಬಾಲಕಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಪದದ ಅರ್ಥ, ನಾಡಿನ ಪರಂಪರೆ, ಕಾನೂನು ಹಾಗೂ ಸಂಶೋಧನೆಗಳ ನೆಲೆಯಲ್ಲಿ ಇಲ್ಲಿ ವಿವರಿಸಲಾಗಿದೆ.

2. 'ಓದು' ಪದದ ಅರ್ಥ

ಕನ್ನಡದ 'ಓದು' ದ್ರಾವಿಡ ಮೂಲದ ಪದ. ಗಟ್ಟಿಯಾಗಿ ನುಡಿಯುವುದು, ಪಠಿಸುವುದು, ಕಲಿಯುವುದು ಎಂಬ ಅರ್ಥಗಳೆಲ್ಲ ಇದಕ್ಕೆ ಇವೆ. ತಮಿಳುನಾಡಿನ ಶಿವಾಲಯಗಳಲ್ಲಿ ತೇವಾರವನ್ನು ಹಾಡುವವರನ್ನು 'ಓದುವಾರ್' ಎಂದೇ ಕರೆಯುತ್ತಾರೆ. ಸಂಸ್ಕೃತದಿಂದ ಬಂದ 'ವಾಚನ' ಪದದ ಮೂಲವೂ ನುಡಿಯುವುದೆಂಬ ಅರ್ಥದ ಧಾತುವೇ ಆಗಿದೆ. ನಮ್ಮ ಊರುಗಳಲ್ಲಿ ಮೌನವಾಗಿ ಕುಳಿತು ಪತ್ರಿಕೆ ಓದುವ ಸ್ಥಳಕ್ಕೆ 'ವಾಚನಾಲಯ' ಎಂಬ ಹೆಸರು ನಿಂತಿರುವುದನ್ನು ಇಲ್ಲಿ ಗಮನಿಸಬಹುದು.

"ಎಷ್ಟು ಓದಿದ್ದೀರಿ?" ಎಂಬ ಪ್ರಶ್ನೆಗೆ ಯಾರೂ ಪುಸ್ತಕಗಳ ಸಂಖ್ಯೆಯನ್ನು ಹೇಳುವುದಿಲ್ಲ, ತಾವು ಮುಗಿಸಿದ ತರಗತಿಯನ್ನು ಹೇಳುತ್ತಾರೆ. ಹೀಗೆ ಪಠಣ, ವಿದ್ಯಾಭ್ಯಾಸ ಹಾಗೂ ಮೌನ ಓದು ಎಂಬ ಮೂರೂ ಅರ್ಥಗಳು ಒಂದೇ ಪದದಲ್ಲಿ ಸೇರಿವೆ. ವಾದಗಳು ಹುಟ್ಟುವುದು ಬಹುಮಟ್ಟಿಗೆ ಈ ಅರ್ಥಗಳನ್ನು ಬೇರ್ಪಡಿಸದಿರುವುದರಿಂದ.

3. ಗ್ರಾಮೀಣ ಧಾರವಾಡದ ಓದಿನ ಪರಂಪರೆ

3.1 ಪುರಾಣ ಮತ್ತು ಗಮಕ

ಉತ್ತರ ಕರ್ನಾಟಕದ ಗ್ರಾಮಗಳಲ್ಲಿ ಶ್ರಾವಣ ಮಾಸದಲ್ಲಿ ಮಠ ಹಾಗೂ ಗುಡಿಗಳಲ್ಲಿ ಪುರಾಣ ಹಚ್ಚುವ ರೂಢಿ ಇದೆ. ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವಿ ಪುರಾಣವನ್ನು ಓದಿಸಲಾಗುತ್ತದೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ. ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಊರವರು ಕುಳಿತು ಕೇಳುತ್ತಾರೆ. ಗಮಕ ಕಲೆಯಲ್ಲಿಯೂ ಇದೇ ವ್ಯವಸ್ಥೆ ಇದ್ದು, ಕಾವ್ಯವನ್ನು ವಾಚಿಸುವವರು ಗಮಕಿಗಳು, ಅರ್ಥ ಹೇಳುವವರು ವ್ಯಾಖ್ಯಾನಕಾರರು ಎನಿಸಿಕೊಳ್ಳುತ್ತಾರೆ.

ಕರ್ಣಾಟ ಭಾರತ ಕಥಾಮಂಜರಿಯನ್ನು ರಚಿಸಿದ ಕುಮಾರವ್ಯಾಸನ ಊರಾದ ಕೋಳಿವಾಡವು ಧಾರವಾಡ ಜಿಲ್ಲೆಯಲ್ಲಿಯೇ ಇದೆ. ಆತನ ಕಾವ್ಯವು ಮುದ್ರಣ ಬರುವುದಕ್ಕೆ ಮೊದಲು ಶತಮಾನಗಳ ಕಾಲ ಜನರನ್ನು ತಲುಪಿದ್ದು ಹೆಚ್ಚಾಗಿ ವಾಚನದ ಮೂಲಕ. ಒಂದು ಓಲೆಕಟ್ಟು, ಒಬ್ಬ ವಾಚಕ, ನೂರು ಕೇಳುಗರು ಎಂಬುದು ಅಂದಿನ ಓದಿನ ಅಳತೆಯಾಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕ್ರಮವಾಗಿ ಓದಿ ಕಲಿಯದಿದ್ದರೂ ಈ ನಾಡಿನ ಜನರು ಕಾವ್ಯದಲ್ಲಿ ಪರಿಣತರೆಂದು ಹೇಳಿರುವುದಕ್ಕೆ ಇಂಥ ಕೇಳ್ಮೆಯ ಪರಂಪರೆಯೇ ಹಿನ್ನೆಲೆಯಾಗಿರಬಹುದು.

3.2 ಹಾಡಿನಿಂದ ಪುಸ್ತಕಕ್ಕೆ

ಸಂತ ಶಿಶುನಾಳ ಶರೀಫರ (1819-1889) ತತ್ವಪದಗಳು ಇನ್ನೊಂದು ನಿದರ್ಶನ. ಅವರ ಗುರು ಗೋವಿಂದಭಟ್ಟರ ಊರಾದ ಕಳಸವು ಕುಂದಗೋಳ ತಾಲ್ಲೂಕಿನಲ್ಲಿದೆ. ಈ ಪದಗಳು ಮೊದಲು ಬಾಯಿಂದ ಬಾಯಿಗೆ ಹರಿದು, ಆ ಬಳಿಕ ಮುದ್ರಿತ ಸಂಗ್ರಹಗಳಾದವು. ಅವುಗಳನ್ನು ಭಜನೆಯಲ್ಲಿ ಕೇಳಿ ಬಲ್ಲವರು ಹಾಗೂ ಪುಸ್ತಕದಲ್ಲಿ ಓದಿ ಬಲ್ಲವರು ಇಬ್ಬರೂ ಈ ಭಾಗದಲ್ಲಿದ್ದಾರೆ.

3.3 ಚಿತ್ರದ ಓದು

ಕಲಘಟಗಿಯ ಬಣ್ಣದ ತೊಟ್ಟಿಲುಗಳ ಮೇಲೆ ಪುರಾಣ ಕಥೆಗಳ ಪ್ರಸಂಗಗಳನ್ನು ಚಿತ್ರಿಸಲಾಗುತ್ತದೆ. ಮಗುವು ಅಕ್ಷರ ಕಲಿಯುವುದಕ್ಕೆ ಬಹಳ ಮೊದಲೇ ಕಥೆಯ ಚಿತ್ರಗಳ ನಡುವೆ ಮಲಗಿರುತ್ತದೆ. ಚಿತ್ರಗಳ ಅನುಕ್ರಮದಿಂದ ಕಥೆಯನ್ನು ಗ್ರಹಿಸುವುದು ಓದಿನ ಪೂರ್ವಸಿದ್ಧತೆ ಎಂದು ಶಿಕ್ಷಣದಲ್ಲಿ ಪರಿಗಣಿಸಲಾಗಿದೆ.

3.4 ಮುದ್ರಣ ಮತ್ತು ಬಾನುಲಿ

ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ 1933ರಲ್ಲಿ ಮನೋಹರ ಗ್ರಂಥಮಾಲೆಯೂ ಆರಂಭವಾಗಿ ಮುದ್ರಿತ ಕನ್ನಡ ಪುಸ್ತಕವು ಈ ಭಾಗದ ಮನೆಗಳನ್ನು ಸೇರಲು ನೆರವಾದವು. 1950ರ ಜನವರಿ 8ರಂದು ಆಕಾಶವಾಣಿ ಧಾರವಾಡ ಕೇಂದ್ರವು ಪ್ರಾರಂಭವಾದ ಮೇಲೆ ಕಥೆ, ನಾಟಕ, ಕಾವ್ಯಗಳು ಪುನಃ ಕಿವಿಯ ಮೂಲಕವೂ ಬರತೊಡಗಿದವು. ಕೇಳಿ ತಿಳಿಯುವ ಪುಸ್ತಕವು ಮೊಬೈಲಿನೊಂದಿಗೆ ಬಂದ ಹೊಸ ಪದ್ಧತಿಯಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ಪುಸ್ತಕದ ರೂಪಗಳು

4.1 ಓಲೆಗರಿ ಮತ್ತು ಕಡತ: ತಾಳೆಯ ಗರಿಯ ಮೇಲೆ ಕಂಟದಿಂದ ಕೊರೆದು, ಮಸಿ ತೀಡಿ, ರಂಧ್ರದ ಮೂಲಕ ದಾರ ಪೋಣಿಸಿ ಕಟ್ಟುತ್ತಿದ್ದರು. 'ಗ್ರಂಥ' ಎಂಬ ಪದಕ್ಕೆ ಮೂಲದಲ್ಲಿ ಪೋಣಿಸಿ ಕಟ್ಟಿದ್ದು ಎಂಬ ಅರ್ಥವಿದೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಲೇಪ ಕೊಟ್ಟು, ಮಡಿಕೆಗಳಾಗಿ ಮಡಚಿ, ಬಳಪದಿಂದ ಬರೆಯುವ ಕಡತಗಳು ಲೆಕ್ಕಪತ್ರಗಳಿಗೆ ಬಳಕೆಯಲ್ಲಿದ್ದವು. ಓಲೆಯ ಬರಹದಲ್ಲಿ ಸಾಮಾನ್ಯವಾಗಿ ಪದಗಳ ನಡುವೆ ತೆರಪು ಇರುತ್ತಿರಲಿಲ್ಲ. ಗಟ್ಟಿಯಾಗಿ ಓದಿಕೊಂಡಾಗ ಪದಗಳನ್ನು ಬಿಡಿಸಿಕೊಳ್ಳುವುದು ಸುಲಭವಾಗುತ್ತಿತ್ತು.

4.2 ಮುದ್ರಿತ ಪುಸ್ತಕ: 1964ರ ಯುನೆಸ್ಕೊ ಶಿಫಾರಸಿನ ಪ್ರಕಾರ ರಕ್ಷಾಪುಟಗಳನ್ನು ಬಿಟ್ಟು ಕನಿಷ್ಠ 49 ಪುಟಗಳುಳ್ಳ, ನಿಯತಕಾಲಿಕವಲ್ಲದ ಮುದ್ರಿತ ಪ್ರಕಟಣೆಯೇ ಪುಸ್ತಕ, ಅದಕ್ಕಿಂತ ಚಿಕ್ಕದು ಕಿರುಹೊತ್ತಿಗೆ. ಇದು ಅಂಕಿ ಅಂಶಗಳ ಏಕರೂಪತೆಗಾಗಿ ಮಾಡಿದ ವ್ಯಾಖ್ಯೆಯಾಗಿದ್ದು, ಇದನ್ನು ಓದುಗರ ಅಳತೆಗೋಲಾಗಿ ಬಳಸತಕ್ಕದ್ದಲ್ಲ. ಹಾಗೆ ಬಳಸಿದಲ್ಲಿ 16 ಅಥವಾ 24 ಪುಟಗಳ ಮಕ್ಕಳ ಚಿತ್ರಪುಸ್ತಕಗಳು ಪುಸ್ತಕಗಳೇ ಅಲ್ಲವೆಂದಾಗುತ್ತದೆ.

4.3 ಬ್ರೈಲ್ ಪುಸ್ತಕ: ಫ್ರಾನ್ಸಿನ ಲೂಯಿ ಬ್ರೈಲ್ (1809-1852) ರೂಪಿಸಿದ ಆರು ಚುಕ್ಕಿಗಳ ಲಿಪಿ ಇದು. ಆರು ಚುಕ್ಕಿಗಳಿಂದ 63 ಸಂಯೋಜನೆಗಳು ದೊರೆಯುತ್ತವೆ. ಭಾರತೀಯ ಭಾಷೆಗಳಿಗಾಗಿ 1951ರಲ್ಲಿ ಭಾರತಿ ಬ್ರೈಲ್ ಅಂಗೀಕೃತವಾಯಿತು. ಇದರಲ್ಲಿ ಕನ್ನಡದ 'ಕ' ಹಾಗೂ ಹಿಂದಿಯ 'ಕ' ಎರಡಕ್ಕೂ ಒಂದೇ ಚುಕ್ಕಿಗುರುತು. ಬ್ರೈಲ್ ಓದುಗರು ಬೆರಳಿನಿಂದ ಪ್ರತಿಯೊಂದು ಅಕ್ಷರವನ್ನೂ ಗುರುತಿಸುವುದರಿಂದ ಇದು ಪೂರ್ಣಾರ್ಥದಲ್ಲಿ ಅಕ್ಷರದ ಓದು.

4.4 ಧ್ವನಿಪುಸ್ತಕ: ಇದರಲ್ಲಿ ಎರಡು ಬಗೆಗಳಿವೆ. ಒಂದು, ಮನುಷ್ಯರು ಓದಿ ಧ್ವನಿಮುದ್ರಿಸಿದ್ದು. ಎರಡು, ಗಣಕಯಂತ್ರವು ಪಠ್ಯವನ್ನು ಧ್ವನಿಯಾಗಿ ಮಾರ್ಪಡಿಸಿ ಕೇಳಿಸುವುದು. 1996ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಒಕ್ಕೂಟವೊಂದು ಬೆಳೆಸಿದ 'ಡೈಸಿ' ಮಾದರಿಯಲ್ಲಿ ಕೇಳುಗರು ನೇರವಾಗಿ ಬೇಕಾದ ಅಧ್ಯಾಯಕ್ಕೆ ಅಥವಾ ಪುಟಕ್ಕೆ ಹೋಗಬಹುದು.

4.5 ವಿದ್ಯುನ್ಮಾನ ಪುಸ್ತಕ: ಪರದೆಯ ಮೇಲೆ ಓದುವ ಪುಸ್ತಕ. ಅಕ್ಷರಗಳ ಗಾತ್ರವನ್ನು ಹಿಗ್ಗಿಸಬಹುದಾದ್ದರಿಂದ ಮಂದದೃಷ್ಟಿಯುಳ್ಳವರಿಗೆ ಹಾಗೂ ವಯೋವೃದ್ಧರಿಗೆ ಅನುಕೂಲ.

ಪುಸ್ತಕಗಳಿಗೆ ನೀಡಲಾಗುವ ಅಂತರರಾಷ್ಟ್ರೀಯ ಪ್ರಮಾಣಿತ ಸಂಖ್ಯೆಯು (ಐಎಸ್‌ಬಿಎನ್) 2007ರಿಂದ 13 ಅಂಕಿಗಳದ್ದಾಗಿದೆ. ಒಂದೇ ಕೃತಿಯ ಮುದ್ರಿತ, ವಿದ್ಯುನ್ಮಾನ, ಧ್ವನಿ ಹಾಗೂ ಬ್ರೈಲ್ ರೂಪಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಪಡೆಯಲು ಈ ವ್ಯವಸ್ಥೆಯಲ್ಲಿ ಅವಕಾಶವಿದೆ. ಅಂದರೆ ಪುಸ್ತಕ ಪ್ರಪಂಚವು ಧ್ವನಿರೂಪವನ್ನೂ ಪುಸ್ತಕವೆಂದೇ ಎಣಿಸುತ್ತದೆ.

5. ಜನಗಣತಿ ಮತ್ತು ಕಾನೂನುಗಳಲ್ಲಿ ಓದು

5.1 ಜನಗಣತಿ: ಏಳು ವರ್ಷ ಹಾಗೂ ಮೇಲ್ಪಟ್ಟ ವಯಸ್ಸಿನ, ಯಾವುದೇ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲ ವ್ಯಕ್ತಿಯನ್ನು 2011ರ ಜನಗಣತಿಯು ಸಾಕ್ಷರರೆಂದು ಪರಿಗಣಿಸಿತು. ಇದಕ್ಕೆ ಶಾಲೆಯಲ್ಲಿ ಕಲಿತಿರಬೇಕೆಂಬ ನಿಯಮವಿಲ್ಲ. ಓದಲು ಮಾತ್ರ ಬಂದು ಬರೆಯಲು ಬಾರದವರು ಸಾಕ್ಷರರಲ್ಲ. ಬ್ರೈಲ್‌ನಲ್ಲಿ ಓದಬಲ್ಲ ಅಂಧರು ಸಾಕ್ಷರರು. ಈ ವ್ಯಾಖ್ಯೆಯಂತೆ ಕರ್ನಾಟಕದ ಸಾಕ್ಷರತೆ ಶೇಕಡಾ 75.36 ಹಾಗೂ ಧಾರವಾಡ ಜಿಲ್ಲೆಯದು ಸುಮಾರು ಶೇಕಡಾ 80 ಆಗಿತ್ತು. ಪುರಾಣವನ್ನು ಕೇಳಿ ಪದ್ಯಗಳನ್ನು ಕಂಠಸ್ಥ ಮಾಡಿಕೊಂಡ ಹಿರಿಯರು ಈ ಎಣಿಕೆಯಲ್ಲಿ ಸೇರುವುದಿಲ್ಲ.

5.2 ವಿಕಲಚೇತನರ ಹಕ್ಕುಗಳ ಅಧಿನಿಯಮ, 2016: ಈ ಅಧಿನಿಯಮದ 'ಸಂವಹನ' ಎಂಬ ವ್ಯಾಖ್ಯೆಯಲ್ಲಿ ಬ್ರೈಲ್, ದೊಡ್ಡಕ್ಷರದ ಮುದ್ರಣ, ಧ್ವನಿ, ಸರಳ ಭಾಷೆ ಮುಂತಾದವುಗಳ ಜೊತೆಗೆ ಮತ್ತೊಬ್ಬರಿಗಾಗಿ ಓದಿ ಹೇಳುವ ವ್ಯಕ್ತಿಯನ್ನೂ ಸೇರಿಸಲಾಗಿದೆ. ಅಂದರೆ ಓದಿ ಹೇಳುವ ಅಣ್ಣ, ಅಕ್ಕ ಅಥವಾ ಸ್ನೇಹಿತರು ಕಾನೂನಿನ ದೃಷ್ಟಿಯಲ್ಲಿಯೂ ಒಂದು ಮಾಧ್ಯಮವೇ.

5.3 ಕೃತಿಸ್ವಾಮ್ಯ ಅಧಿನಿಯಮ, 1957: ಮುದ್ರಿತ ಪುಸ್ತಕವನ್ನು ಓದಲಾಗದ ವಿಕಲಚೇತನರಿಗಾಗಿ ಅದನ್ನು ಅವರಿಗೆ ಎಟಕುವ ರೂಪಕ್ಕೆ ಪರಿವರ್ತಿಸಲು 2012ರ ತಿದ್ದುಪಡಿಯು ನಿಬಂಧನೆಗಳೊಂದಿಗೆ ಅವಕಾಶ ಕಲ್ಪಿಸಿದೆ. ಇದೇ ಉದ್ದೇಶದ ಮರಾಕೆಶ್ ಒಪ್ಪಂದವು 2013ರಲ್ಲಿ ಅಂಗೀಕಾರವಾಗಿದ್ದು, 2014ರಲ್ಲಿ ಅದನ್ನು ಸ್ಥಿರೀಕರಿಸಿದ ಮೊದಲ ದೇಶ ಭಾರತ. 2016ರ ಆಗಸ್ಟ್‌ನಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರ್ಜಾಲ ಗ್ರಂಥಾಲಯವು ಆರಂಭವಾಯಿತು.

ಹೀಗೆ, ಸಾಕ್ಷರತೆಯನ್ನು ಎಣಿಸುವಾಗ ಕೇಳ್ಮೆಯು ಓದಲ್ಲ. ಜ್ಞಾನದ ಹಕ್ಕನ್ನು ಕೊಡುವಾಗ ಕೇಳ್ಮೆಗೂ ಓದಿನ ಸ್ಥಾನವಿದೆ. ಇವೆರಡರಲ್ಲಿ ವಿರೋಧವಿಲ್ಲ. ಒಂದು ವ್ಯಕ್ತಿಯ ಕೌಶಲವನ್ನು ಅಳೆಯುತ್ತದೆ. ಇನ್ನೊಂದು ವ್ಯಕ್ತಿಗೆ ಪುಸ್ತಕ ತಲುಪಿತೇ ಎಂಬುದನ್ನು ನೋಡುತ್ತದೆ.

6. ಸಂಶೋಧನೆಗಳು ತಿಳಿಸುವ ಅಂಶಗಳು

(1) ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಓದಿನ ಗ್ರಹಿಕೆಯನ್ನು ಎರಡು ಶಕ್ತಿಗಳ ಗುಣಲಬ್ಧವೆಂದು ವಿವರಿಸಿದರು: ಅಕ್ಷರಗಳನ್ನು ಬಿಡಿಸುವ ಶಕ್ತಿ ಹಾಗೂ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆಯಾಗುತ್ತದೆ. ಕೇಳ್ಮೆಯು ಎರಡನೆಯ ಶಕ್ತಿಯನ್ನು ಬೆಳೆಸುತ್ತದೆ, ಮೊದಲನೆಯದನ್ನು ಬೆಳೆಸುವುದಿಲ್ಲ.

(2) ಕನ್ನಡ ಮಾಧ್ಯಮದ ಮಕ್ಕಳ ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾಗುಣಿತ ಹಾಗೂ ಒತ್ತಕ್ಷರಗಳ ಕಲಿಕೆಯು ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿದೆ. ಆದ್ದರಿಂದ ಎರಡನೆಯ ತರಗತಿಯ ಮಗುವು ತಡವರಿಸಿ ಓದಿದರೆ ಪಾಲಕರು ಗಾಬರಿಯಾಗಬೇಕಾಗಿಲ್ಲ. ಆದರೆ ಆ ವರ್ಷಗಳಲ್ಲಿ ಅಕ್ಷರದ ರೂಢಿ ತಪ್ಪದಂತೆ ನೋಡಿಕೊಳ್ಳಬೇಕು.

(3) 2016ರಲ್ಲಿ ಅಮೆರಿಕದಲ್ಲಿ 91 ವಯಸ್ಕರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೇಳಿದವರು, ಪರದೆಯ ಮೇಲೆ ಓದಿದವರು ಹಾಗೂ ಎರಡನ್ನೂ ಒಟ್ಟಿಗೆ ಮಾಡಿದವರ ಗ್ರಹಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಇವರೆಲ್ಲರೂ ಓದು ಬಲ್ಲ ವಯಸ್ಕರು ಎಂಬುದನ್ನು ಮರೆಯಬಾರದು. ಈ ಫಲಿತಾಂಶವನ್ನು ಅಕ್ಷರ ಕಲಿಯುತ್ತಿರುವ ಮಕ್ಕಳಿಗೆ ಅನ್ವಯಿಸಲಾಗದು.

(4) 2018ರಲ್ಲಿ ಪ್ರಕಟವಾದ 54 ಅಧ್ಯಯನಗಳ ಸಮಗ್ರ ವಿಶ್ಲೇಷಣೆಯು ಮಾಹಿತಿಪ್ರಧಾನ ಪಠ್ಯವನ್ನು, ವಿಶೇಷವಾಗಿ ಸಮಯದ ಮಿತಿಯಲ್ಲಿ ಓದುವಾಗ, ಪರದೆಗಿಂತ ಕಾಗದದ ಮೇಲಿನ ಓದು ಹೆಚ್ಚು ಫಲಕಾರಿ ಎಂದು ಕಂಡಿತು. ಕಥನರೂಪದ ಪಠ್ಯದಲ್ಲಿ ಮಾತ್ರ ಇಂತಹ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಗೆ ಸಿದ್ಧರಾಗುವವರು ಇದನ್ನು ಗಮನಿಸುವುದು ಒಳಿತು.

7. ಓದನ್ನು ಪರಿಗಣಿಸಲು ಮೂರು ಪ್ರಶ್ನೆಗಳು

ಮೇಲ್ಕಂಡ ಅಂಶಗಳ ಆಧಾರದ ಮೇಲೆ ಯಾವುದೇ ರೂಪದ ಪುಸ್ತಕಕ್ಕೂ ಈ ಕೆಳಗಿನ ಮೂರು ಪ್ರಶ್ನೆಗಳನ್ನು ಕೇಳಬಹುದು.

ಪಠ್ಯ: ಕೃತಿಕಾರರು ಬರೆದ ಮಾತುಗಳು, ಬರೆದ ಕ್ರಮದಲ್ಲಿ, ಪೂರ್ಣವಾಗಿ ಓದುಗರನ್ನು ತಲುಪಿದವೇ?
ಗ್ರಹಿಕೆ: ತಲುಪಿದ್ದು ಅರ್ಥವಾಯಿತೇ?
ಅಕ್ಷರ: ಓದುಗರು ತಾವೇ ಲಿಪಿಯನ್ನು ಬಿಡಿಸಿದರೇ?

ಮುದ್ರಿತ, ಬ್ರೈಲ್ ಹಾಗೂ ವಿದ್ಯುನ್ಮಾನ ಪುಸ್ತಕಗಳನ್ನು ಅರ್ಥ ತಿಳಿದು ಓದಿದಾಗ ಮೂರಕ್ಕೂ ಉತ್ತರ "ಹೌದು". ಪೂರ್ಣ ಧ್ವನಿಪುಸ್ತಕ ಹಾಗೂ ವ್ಯಾಖ್ಯಾನ ಸಹಿತವಾದ ಕಾವ್ಯವಾಚನಗಳಲ್ಲಿ ಮೊದಲ ಎರಡಕ್ಕೆ "ಹೌದು", ಮೂರನೆಯದಕ್ಕೆ "ಇಲ್ಲ". ಪದ್ಯವನ್ನು ಓದದೆ ಕಥೆಯನ್ನು ಮಾತ್ರ ಹೇಳುವ ಪ್ರವಚನ, ಪುಸ್ತಕದ ಸಾರಾಂಶ ಹೇಳುವ ವಿಡಿಯೊ, ಕಾದಂಬರಿ ಆಧಾರಿತ ಚಲನಚಿತ್ರ ಇವುಗಳಲ್ಲಿ ಮೂಲ ಪಠ್ಯವೇ ತಲುಪಿರುವುದಿಲ್ಲ. ಅವುಗಳಿಂದ ಕಥೆ ತಿಳಿದೀತು, ಪುಸ್ತಕವನ್ನು ಓದಿದಂತಾಗದು. ಅಕ್ಷರಗಳನ್ನು ಸರಾಗವಾಗಿ ಉಚ್ಚರಿಸಿಯೂ ಅರ್ಥ ತಿಳಿಯದಿದ್ದಲ್ಲಿ, ಕೈಯಲ್ಲಿ ಮುದ್ರಿತ ಪುಸ್ತಕವೇ ಇದ್ದರೂ ಓದು ಪೂರ್ಣವಾಗಿಲ್ಲ.

ಈ ಪ್ರಕಾರ ಪೀಠಿಕೆಯಲ್ಲಿ ಹೇಳಿದ ನಾಲ್ವರ ವಿಷಯವು ಹೀಗಿದೆ.

ಬಾಲಕಿಗೆ ಮೂರನೆಯ ಪ್ರಶ್ನೆಯೇ ಮುಖ್ಯ. ಕಥೆ ಕೇಳುವುದು ಅವಳ ಶಬ್ದಸಂಪತ್ತನ್ನು ಹೆಚ್ಚಿಸುತ್ತದೆ, ಆದರೆ ಪುಟದ ಓದಿಗೆ ಬದಲಿಯಾಗುವುದಿಲ್ಲ.

ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಧ್ವನಿಪುಸ್ತಕವು ವೇಗವನ್ನು ಕೊಡುತ್ತದೆ, ಬ್ರೈಲ್ ಅಕ್ಷರವನ್ನು ಕೊಡುತ್ತದೆ. ಅಲ್ಪಪ್ರಾಣ-ಮಹಾಪ್ರಾಣ, ಶ-ಷ ಮುಂತಾದ ಕಾಗುಣಿತದ ಭೇದಗಳು ಕೇಳ್ಮೆಯಿಂದ ಮಾತ್ರ ಖಚಿತವಾಗುವುದಿಲ್ಲ. ಆದ್ದರಿಂದ ಧ್ವನಿಪುಸ್ತಕ ಸಿಕ್ಕಿತೆಂದು ಬ್ರೈಲ್ ಕಲಿಕೆಯನ್ನು ಕೈಬಿಡಬಾರದು.

ಹಿರಿಯ ಮಹಿಳೆಯು ಜನಗಣತಿಯಲ್ಲಿ ಸಾಕ್ಷರರಲ್ಲದಿದ್ದರೂ ತಾವು ಕೇಳಿದ ಕಾವ್ಯವನ್ನು ಬಲ್ಲವರು. ಗ್ರಂಥಾಲಯದ ಸೇವೆಗೆ ಅವರೂ ಅರ್ಹರು. ಅಕ್ಷರ ಕಲಿಯುವ ಆಸೆ ಅವರಿಗಿದ್ದಲ್ಲಿ, ಬಾಯಿಗೆ ಬರುವ ಪದ್ಯವನ್ನೇ ಪುಟದಲ್ಲಿ ತೋರಿಸಿ ಕಲಿಸುವುದು ಸುಲಭವಾದ ದಾರಿ.

ಯುವಕನು ಮೊಬೈಲಿನಲ್ಲಿ ಓದುವುದೂ ಓದೇ. ಆದರೆ ನೆನಪಿನಲ್ಲಿ ಇಡಬೇಕಾದ ವಿಷಯವನ್ನು ಕಾಗದದ ಮೇಲೆ ಓದುವುದು, ಟಿಪ್ಪಣಿ ಮಾಡಿಕೊಳ್ಳುವುದು ಹಿತಕರ.

8. ವಿದ್ಯುನ್ಮಾನ ಕನ್ನಡ ಪುಸ್ತಕಗಳ ಬಗ್ಗೆ ವಿಶೇಷ ಸೂಚನೆ

ಪರದೆಯ ಮೇಲೆ ಕನ್ನಡವಾಗಿ ಕಾಣುವುದೆಲ್ಲವೂ ಗಣಕಯಂತ್ರಕ್ಕೆ ಕನ್ನಡವಲ್ಲ. ಪುಟದ ಛಾಯಾಪ್ರತಿಯಾಗಿರುವ ಕಡತವು ಗಣಕಕ್ಕೆ ಕೇವಲ ಒಂದು ಚಿತ್ರ. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು ಒಳಗೆ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳಾಗಿ ಉಳಿದಿರುತ್ತದೆ. ಇವೆರಡನ್ನೂ ಪರದೆ ಓದುವ ತಂತ್ರಾಂಶಗಳು ಸರಿಯಾಗಿ ಓದಲಾರವು. ಯುನಿಕೋಡ್ ಶಿಷ್ಟತೆಯಲ್ಲಿರುವ ಪಠ್ಯವನ್ನು ಮಾತ್ರ ಅವು ಕನ್ನಡವಾಗಿ ನುಡಿಯಬಲ್ಲವು.

ಪರೀಕ್ಷಿಸುವ ವಿಧಾನ: ಕಡತವನ್ನು ತೆರೆದು, ಹುಡುಕುವ ಜಾಗದಲ್ಲಿ ಆ ಪುಟದಲ್ಲಿ ಕಾಣುವ ಒಂದು ಕನ್ನಡ ಪದವನ್ನು ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿರಿ. ಪದವು ಸಿಕ್ಕಲ್ಲಿ ಆ ಪುಸ್ತಕವನ್ನು ಬಹುತೇಕ ಕೇಳಿಸಿಕೊಳ್ಳಲೂ ಸಾಧ್ಯ. ಸಿಗದಿದ್ದಲ್ಲಿ ಅದು ಕಣ್ಣಿದ್ದವರಿಗೆ ಮಾತ್ರ ಪುಸ್ತಕ. ಕನ್ನಡದಲ್ಲಿ ಪುಸ್ತಕ, ಪ್ರಶ್ನೆಪತ್ರಿಕೆ ಅಥವಾ ಸುತ್ತೋಲೆಗಳನ್ನು ಸಿದ್ಧಪಡಿಸುವವರೆಲ್ಲರೂ ಯುನಿಕೋಡ್ ಬಳಸಿದಲ್ಲಿ, ಹೆಚ್ಚಿನ ಖರ್ಚಿಲ್ಲದೆ ಅದೇ ಕಡತವು ದೃಷ್ಟಿ ಇಲ್ಲದ ಓದುಗರಿಗೂ ದೊರೆಯುತ್ತದೆ.

9. ಗ್ರಾಮ ಮಟ್ಟದಲ್ಲಿ ಅನುಸರಿಸಬಹುದಾದ ಕ್ರಮಗಳು

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965 ರಾಜ್ಯದಲ್ಲಿ 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಬಳಿಕ ಈ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಹೆಸರು ಬಂದಿತು. ಇಂತಹ ಕೇಂದ್ರಗಳಲ್ಲಿ ಈ ಕೆಳಕಂಡ ಕ್ರಮಗಳನ್ನು ಅಳವಡಿಸಿಕೊಳ್ಳಬಹುದು.

• ವಾರಕ್ಕೊಮ್ಮೆ ಗಟ್ಟಿಯಾಗಿ ಓದುವ ಒಂದು ತಾಸನ್ನು ಗೊತ್ತುಪಡಿಸುವುದು. ಓದು ಬಲ್ಲ ಮಕ್ಕಳು ಹಿರಿಯರಿಗೆ ಪತ್ರಿಕೆ ಅಥವಾ ಕಥೆ ಓದಿ ಹೇಳಿದಲ್ಲಿ ಇಬ್ಬರಿಗೂ ಲಾಭ.
• ಚಿಕ್ಕ ಮಕ್ಕಳಿಗೆ ಓದಿ ಹೇಳುವಾಗ ಪದದ ಕೆಳಗೆ ಬೆರಳಿಟ್ಟು ಸಾಗುವುದು. ಧ್ವನಿಪುಸ್ತಕ ಹಾಕಿದಾಗಲೂ ಮುದ್ರಿತ ಪ್ರತಿಯನ್ನು ಮಗುವಿನ ಮುಂದೆ ತೆರೆದಿಡುವುದು.
• ಮುದ್ರಿತ ಪುಸ್ತಕ ಓದಲಾಗದವರ ಪಟ್ಟಿಯನ್ನು ಅವರ ಒಪ್ಪಿಗೆಯೊಂದಿಗೆ ಮಾಡಿಕೊಂಡು, ಸುಗಮ್ಯ ಪುಸ್ತಕಾಲಯದ ಸದಸ್ಯತ್ವ ಪಡೆಯಲು ನೆರವಾಗುವುದು.
• ಓದಿನ ದಾಖಲೆಯಲ್ಲಿ 'ಓದಿದ್ದು', 'ಕೇಳಿದ್ದು' ಎಂದು ಎರಡು ಅಂಕಣಗಳನ್ನು ಇಡುವುದು. ಇದರಿಂದ ಕೇಳುಗರು ಲೆಕ್ಕದಿಂದ ಬಿಟ್ಟುಹೋಗುವುದಿಲ್ಲ. ಅಕ್ಷರದ ಓದಿನ ಕೊರತೆಯೂ ಮರೆಯಾಗುವುದಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗ್ರಂಥಾಲಯದ ಪುಸ್ತಕವನ್ನು ಓದಿ ಧ್ವನಿಮುದ್ರಿಸಿ ಎಲ್ಲರಿಗೂ ಮೊಬೈಲಿನಲ್ಲಿ ಕಳುಹಿಸಬಹುದೇ?
ಉತ್ತರ: ಕೃತಿಸ್ವಾಮ್ಯವಿರುವ ಪುಸ್ತಕವನ್ನು ಹಾಗೆ ಹಂಚುವಂತಿಲ್ಲ. ಲೇಖಕರ ಜೀವಿತಕಾಲದಲ್ಲಿ ಹಾಗೂ ನಿಧನರಾದ ನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ವಿಕಲಚೇತನರಿಗಾಗಿ ಮಾತ್ರ ಕಾನೂನಿನ ನಿಬಂಧನೆಗೊಳಪಟ್ಟು ಅವಕಾಶವಿದೆ.

ಪ್ರಶ್ನೆ: ಮಗುವು ಕಥೆ ಕೇಳಲು ಇಷ್ಟಪಡುತ್ತದೆ, ಓದಲು ಒಲ್ಲೆ ಎನ್ನುತ್ತದೆ. ಕೇಳಿಸುವುದನ್ನು ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬೇಕಾಗಿಲ್ಲ. ಕೇಳಿದ ಕಥೆಯನ್ನೇ ಪುಸ್ತಕದಲ್ಲಿ ಕೊಡಿರಿ. ಪರಿಚಿತ ಕಥೆಯ ಅರ್ಥ ಮೊದಲೇ ತಿಳಿದಿರುವುದರಿಂದ ಮಗುವು ಅಕ್ಷರಗಳ ಕಡೆಗೆ ಗಮನ ಕೊಡಬಲ್ಲದು.

ಪ್ರಶ್ನೆ: ಅಕ್ಷರ ಬಾರದವರು ಗ್ರಂಥಾಲಯಕ್ಕೆ ಬಂದು ಪ್ರಯೋಜನವೇನು?
ಉತ್ತರ: ಪುರಾಣ ನಡೆಯುವಾಗ ಗುಡಿಯ ಬಾಗಿಲಲ್ಲಿ ಯಾರಿಗೂ ಅಕ್ಷರ ಬರುತ್ತದೆಯೇ ಎಂದು ಕೇಳುವ ರೂಢಿ ಇರಲಿಲ್ಲ. ಗ್ರಂಥಾಲಯದ ಬಾಗಿಲಲ್ಲಿಯೂ ಹಾಗೆ ಕೇಳಬೇಕಾಗಿಲ್ಲ. ಓದಿ ಹೇಳುವವರು ಒಬ್ಬರಿದ್ದಲ್ಲಿ ಗ್ರಂಥಾಲಯವು ಅವರದ್ದೂ ಹೌದು.

11. ಸಾರಾಂಶ

ಪುಸ್ತಕದ ರೂಪವು ಓಲೆಯಿಂದ ಕಾಗದಕ್ಕೆ, ಕಾಗದದಿಂದ ಪರದೆಗೆ ಹಾಗೂ ಧ್ವನಿಗೆ ಬದಲಾಗುತ್ತ ಬಂದಿದೆ. ಪೂರ್ಣ ಪಠ್ಯವು ತಲುಪಿ ಅರ್ಥವಾದಲ್ಲಿ ಯಾವ ರೂಪದಲ್ಲಿದ್ದರೂ ಅದು ಪುಸ್ತಕದ ಓದು. ಲಿಪಿಯನ್ನು ತಾವೇ ಬಿಡಿಸುವುದು ಅಕ್ಷರದ ಓದು. ಕಲಿಯಬಲ್ಲ ಪ್ರತಿಯೊಬ್ಬರಿಗೂ ಎರಡನೆಯದನ್ನು ಕಲಿಸುವುದು, ಯಾರಿಗೂ ಮೊದಲನೆಯದು ತಪ್ಪದಂತೆ ನೋಡಿಕೊಳ್ಳುವುದು ಮನೆ, ಶಾಲೆ ಹಾಗೂ ಗ್ರಂಥಾಲಯಗಳ ಸಮಾನ ಹೊಣೆಯಾಗಿದೆ.